ಬೀಜದ ನಕ್ಷೆಯೂ ಗ್ರಾಮದ ಹಿರಿಯರೂ

ಈಚಿನ ಕೆಲವು ವರ್ಷಗಳಿಂದ ಬೀಜಶೋಧನೆಯ ವರದಿಗಳಲ್ಲಿ ಒಂದು ಹೊಸ ತರದ ಚಿತ್ರವು ಕಾಣಿಸಿಕೊಳ್ಳುತ್ತಿರುವದು. ನೋಡುವದಕ್ಕೆ ಅದು ಇಳಕಲ್ಲ ಸೀರೆಯ ಚೌಕಡಿಯ ಒಡಲಿನಂತೆ ಇರುವದು. ಅಡ್ಡಲಾಗಿ ನೂರಾರು ಸಾಲುಗಳು, ಉದ್ದಕ್ಕೆ ಸಾವಿರಾರು ಕಂಬಗಳು, ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣದ ಚುಕ್ಕೆ. ಇಂಥ ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ರೈತರು ಅದನ್ನು ದೂರದಿಂದಲೇ ನೋಡಿ, ಇದು ಪಂಡಿತರಿಗೆ ಸಂಬಂಧಿಸಿದ ವಿಷಯವೆಂದು ತಿಳಿದು, ಎದುರಿನ ಕೂರಿಗೆಯನ್ನೋ ಗಳೇವನ್ನೋ ನೋಡಲಿಕ್ಕೆ ಮುಂದೆ ಸಾಗುವರು. ಹಾಗೆ ಮುಂದೆ ಸಾಗುವದು ಸಿರವಾರ ಭಾಗದ ಭೂಮಾಲೀಕರಿಗೂ ಗ್ರಾಮಗಳ ಹಿರಿಯರಿಗೂ ಹಾನಿಕರವೆಂಬದು ಈ ಲೇಖನದ ಅಭಿಪ್ರಾಯವು. ಆ ಚಿತ್ರವು ಬೀಜದ ನಕ್ಷೆಯಾಗಿದೆ. ನಕ್ಷೆಯನ್ನು ಓದಲಾರದವರು ಎಂಥ ತೊಂದರೆಗೆ ಗುರಿಯಾಗುವರೆಂಬದನ್ನು ಭೂಮಿಯುಳ್ಳವರಿಗೆ ಬೇರೆ ಹೇಳಿಕೊಡಬೇಕಾದುದಿಲ್ಲ.

ಪ್ರತಿಯೊಂದು ಸಸ್ಯದ ಪ್ರತಿಯೊಂದು ಜೀವಕೋಶದಲ್ಲಿಯೂ ಅದರ ಹುಟ್ಟುಗುಣಗಳನ್ನು ಹೊತ್ತ ಒಂದು ಬರಹವಿರುವದು. ಆ ಬರಹಕ್ಕೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಕಡಲೆಯಲ್ಲಿ ಅದು ಎಂಟು ಜೊತೆ ವರ್ಣತಂತುಗಳ ಮೇಲೆ ಹಂಚಿಹೋಗಿದ್ದು, ಒಂದು ಪ್ರತಿಯಲ್ಲಿ ಸುಮಾರು 74 ಕೋಟಿ ಅಕ್ಷರಗಳಿರುವವು. ತೊಗರಿಯಲ್ಲಿ ಹನ್ನೊಂದು ಜೊತೆ ವರ್ಣತಂತುಗಳೂ ಸುಮಾರು 83 ಕೋಟಿ ಅಕ್ಷರಗಳೂ ಇರುವವು. ಈ ಸಮಗ್ರ ಬರಹಕ್ಕೆ ಜೀನೋಮು ಎಂದು ಹೆಸರು. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಮುಂದಾಗಿ, ಅನೇಕ ದೇಶಗಳ ಶೋಧಕರ ಕೂಡಿಕೆಯಿಂದ ತೊಗರಿಯ ಜೀನೋಮನ್ನು 2011ರಲ್ಲಿಯೂ ಕಡಲೆಯದನ್ನು 2013ರಲ್ಲಿಯೂ ಪ್ರಕಟಿಸಿತು. ತೊಗರಿಯಲ್ಲಿ ಓದುವದಕ್ಕೆ ಆರಿಸಿಕೊಂಡದ್ದು ಆಶಾ ಎಂಬ ತಳಿ. ರಾಯಚೂರು, ಕಲಬುರಗಿ ಸೀಮೆಯವರಿಗೆ ಐ.ಸಿ.ಪಿ.ಎಲ್. 87119 ಎಂಬ ಹೆಸರಿನಿಂದ ಪರಿಚಿತವಾದದ್ದೇ ಅದು. 2021ರಲ್ಲಿ ಅದೇ ಸಂಸ್ಥೆಯ ಮುಂದಾಳುತನದಲ್ಲಿ 3,366 ಬಗೆಯ ಕಡಲೆಗಳ ಬರಹವನ್ನು ಓದಿ ಹೋಲಿಸಿದ ಕೆಲಸವು ಹೊರಬಂದಿತು. ಇವುಗಳಲ್ಲಿ 195 ಕಾಡುಕಡಲೆಗಳೇ ಇದ್ದವು.

ಇಷ್ಟೊಂದು ಬರಹವನ್ನು ಮನುಷ್ಯನು ಕಣ್ಣಿನಿಂದ ಓದಿ ಮುಗಿಸಲಾರನು. ಲೆಕ್ಕಕ್ಕಾಗಿ, ಒಂದೊಂದು ಕಡಲೆಯಲ್ಲಿ ಒಂದು ಲಕ್ಷ ಸ್ಥಾನಗಳನ್ನು ಮಾತ್ರ ಆರಿಸಿಕೊಂಡರೆಂದು ಹಿಡಿಯಿರಿ. 3,366 ಬಗೆಗಳಿಗೆ 33 ಕೋಟಿ 66 ಲಕ್ಷ ಅಕ್ಷರಗಳಾಗುವವು. ಪುಟಕ್ಕೆ 2,000 ಅಕ್ಷರಗಳಂತೆ ಅಚ್ಚು ಮಾಡಿದರೆ 1,68,300 ಪುಟಗಳ ಗ್ರಂಥವಾಗುವದು. ಆ ಗ್ರಂಥವನ್ನು ಗಾಡಿಗಳಲ್ಲಿ ಹೇರಿ ತರಬಹುದು, ಓದಬಲ್ಲವರು ಸಿಗರು. ಆದ್ದರಿಂದ ಅಕ್ಷರಗಳನ್ನು ಬಣ್ಣಗಳನ್ನಾಗಿ ಮಾರ್ಪಡಿಸಿ, ಗಣಕಯಂತ್ರದ ಪರದೆಯ ಮೇಲೆ ಹಾಸಿ, ಬೇಕಾದಲ್ಲಿ ಹಿಗ್ಗಿಸಿ, ಬೇಡಾದಲ್ಲಿ ಕುಗ್ಗಿಸಿ ತೋರಿಸುವ ತಂತ್ರಾಂಶಗಳನ್ನು ಕಟ್ಟಿರುವರು. ಮನುಷ್ಯನ ಕಣ್ಣು 33 ಕೋಟಿ ಅಕ್ಷರಗಳನ್ನು ಓದಲಾರದಾದರೂ, ಹಸಿರು ಹೊಲದ ನಡುವೆ ಒಣಗಿದ ಒಂದು ಮಡಿಯನ್ನು ಏರಿಯ ಮೇಲಿನಿಂದಲೇ ಗುರುತಿಸಬಲ್ಲದು. ಈ ತಂತ್ರಾಂಶಗಳು ಕಣ್ಣಿನ ಆ ಶಕ್ತಿಯನ್ನೇ ನೆಚ್ಚಿಕೊಂಡಿರುವವು.

ಇವು ಎರಡು ಬಗೆಯಾಗಿವೆ. ಮೊದಲನೆಯ ಬಗೆಯು ಒಂದೇ ಸಸ್ಯದ ಬರಹವನ್ನು ಆರಂಭದಿಂದ ಕೊನೆಯವರೆಗೆ ಉದ್ದಕ್ಕೆ ಹಾಸಿ ತೋರಿಸುವದು. ಇದು ಹೇಗೆಂಬದನ್ನು ತಿಳಿಯಲಿಕ್ಕೆ ಭೂಮಾಪನ ಖಾತೆಯ ನಕ್ಷೆಗಳನ್ನು ನೆನೆದರೆ ಸಾಕು. ತಾಲೂಕಿನ ನಕ್ಷೆಯಲ್ಲಿ ಸಿರವಾರ, ಕವಿತಾಳಗಳು ಒಂದೊಂದು ಚುಕ್ಕೆಯಾಗಿ ಕಾಣುವವು. ಗ್ರಾಮದ ನಕ್ಷೆಯಲ್ಲಿ ಸರ್ವೆ ನಂಬರುಗಳು, ಹಳ್ಳ, ಬಂಡಿದಾರಿ ಕಾಣುವವು. ಟಿಪ್ಪಣಿಯಲ್ಲಿ ಒಂದೇ ನಂಬರಿನ ಬದುವು, ಬಾಂದಗಲ್ಲು, ಸರಪಣಿಯ ಅಳತೆ ಕಾಣುವವು. ಅದರಂತೆ ಇಲ್ಲಿಯೂ ಮೊದಲು ವರ್ಣತಂತು, ಅದನ್ನು ಹಿಗ್ಗಿಸಿದರೆ ಅದರ ಒಂದು ಭಾಗ, ಇನ್ನೂ ಹಿಗ್ಗಿಸಿದರೆ ಒಂದು ಗುಣವಾಹಿ, ಕಡೆಗೆ ಒಂದೊಂದೇ ಅಕ್ಷರ. ಮನುಷ್ಯನ ಜೀನೋಮಿಗಾಗಿ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜಿನಲ್ಲಿ ಕಟ್ಟಿ 2002ರಲ್ಲಿ ವಿವರಿಸಿ ಪ್ರಕಟಿಸಿದ ದರ್ಶಕವು ಈ ಬಗೆಯವುಗಳಲ್ಲಿ ಬಹು ಪ್ರಸಿದ್ಧವಾದದ್ದು. 2009ರ ಜೆಬ್ರೌಸ್, 2011ರ ಐ.ಜಿ.ವಿ. ಎಂಬವು ಅದರ ತರುವಾಯದವು.

ಎರಡನೆಯ ಬಗೆಯು ರೈತನಿಗೆ ಹೆಚ್ಚು ಹತ್ತಿರವಾದದ್ದು. ಇದು ನೂರಾರು ತಳಿಗಳನ್ನು ಒಂದರ ಕೆಳಗೊಂದರಂತೆ ಸಾಲಾಗಿ ನಿಲ್ಲಿಸಿ ಹೋಲಿಸುವದು. ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಯಂಗ್ ಮತ್ತು ಟ್ಯಾಂಕ್ಸ್ಲಿ ಎಂಬ ಶೋಧಕರು 1989ರಲ್ಲಿ ಟೊಮ್ಯಾಟೊ ಗಿಡಗಳ ಮೇಲೆ ಕೆಲಸ ಮಾಡುತ್ತಿರುವಾಗ, ಗಿಡದ ಯಾವ ತುಂಡು ಯಾವ ಮಾತೃತಳಿಯಿಂದ ಬಂದಿದೆಯೆಂಬದನ್ನು ಬಣ್ಣದ ಪಟ್ಟಿಯಾಗಿ ಬರೆದು ತೋರಿಸುವ ವಿಚಾರವನ್ನು ಮುಂದಿಟ್ಟರು. ಸ್ಕಾಟ್ಲಂಡಿನ ಬೆಳೆಶೋಧನ ಸಂಸ್ಥೆಯವರು ಫ್ಲ್ಯಾಪ್‌ಜ್ಯಾಕ್ ಎಂಬ ತಂತ್ರಾಂಶವನ್ನು ಕಟ್ಟಿ 2010ರಲ್ಲಿ ವಿವರಿಸಿದರು. ಇದಕ್ಕೆ ಹಣ ಕೊಡಬೇಕಾದುದಿಲ್ಲ. ಇದರಲ್ಲಿ ಒಂದು ತಳಿಯನ್ನು ಮೇಲ್ಪಂಕ್ತಿಯಾಗಿ ಇಟ್ಟು, ಉಳಿದವುಗಳು ಎಲ್ಲೆಲ್ಲಿ ಅದನ್ನು ಹೋಲುವವೋ ಅಲ್ಲಿ ಒಂದು ಬಣ್ಣವನ್ನೂ, ಎಲ್ಲೆಲ್ಲಿ ಬೇರೆಯಾಗಿರುವವೋ ಅಲ್ಲಿ ಮತ್ತೊಂದು ಬಣ್ಣವನ್ನೂ ತೊಡಿಸಬಹುದು. ಹೊಲದಲ್ಲಿ ಕಂಡ ಗುಣಗಳನ್ನು, ಎಂದರೆ ಇಳುವರಿ, ಹೂಬಿಡುವ ದಿವಸ, ರೋಗದ ಪ್ರಮಾಣ ಮುಂತಾದವುಗಳನ್ನು, ಸಾಲಿನ ಪಕ್ಕದಲ್ಲಿಯೇ ಬರೆಯಿಸಿ, ಆ ಗುಣದ ಕ್ರಮದಂತೆ ಸಾಲುಗಳನ್ನು ಮೇಲೆ ಕೆಳಗೆ ಮಾಡಬಹುದು.

ಇದರ ಉಪಯೋಗವನ್ನು ತಿಳಿಯುವದಕ್ಕೆ ಸ್ಕಾಟ್ಲಂಡಿಗೆ ಹೋಗಬೇಕಾದುದಿಲ್ಲ. ಹಿಂಗಾರಿಯ ಕಡಲೆಯನ್ನು ನೋಡಿದರೆ ಸಾಕು. ಸಿರವಾರ, ಮಾನವಿ, ದೇವದುರ್ಗಗಳ ಎರಿಭೂಮಿಯಲ್ಲಿ ಕಾಲುವೆಯ ನೀರು ಮುಟ್ಟದ ಕಡೆ, ಹಸ್ತ ಚಿತ್ತಿ ಮಳೆಗಳ ತೇವವನ್ನು ನಂಬಿ ಬಿತ್ತುವ ಬೆಳೆಗಳಲ್ಲಿ ಬಿಳಿಜೋಳದ ಕೂಡ ಕಡಲೆಯೂ ಒಂದು. ಪಂಪಕವಿಯ ತಾಯಿಯ ತವರೆಂದು ಪ್ರಸಿದ್ಧವಾದ ಅಣ್ಣಿಗೇರಿಯ ಹೆಸರನ್ನು ಹೊತ್ತ ಅಣ್ಣಿಗೇರಿ 1 ಎಂಬ ತಳಿಯು ಹಲವು ದಶಕಗಳಿಂದ ಕರ್ನಾಟಕದ ರೈತರ ಮೆಚ್ಚಿಗೆಯನ್ನು ಪಡೆದಿರುವದು. ಆದರೆ ಕಾಲ ಕಳೆದಂತೆ ಅದು ಸಿಡಿರೋಗಕ್ಕೆ ತುತ್ತಾಗತೊಡಗಿತು. ಕೆಲವರು ಇದನ್ನು ಸೊರಗುರೋಗವೆಂದೂ ನೆಟೆರೋಗವೆಂದೂ ಕರೆಯುವರು. ಭೂಮಿಯಲ್ಲಿರುವ ಒಂದು ಶಿಲೀಂಧ್ರವು ಬೇರಿನಿಂದ ಒಳಹೊಕ್ಕು, ನೀರೇರುವ ನಾಳಗಳನ್ನು ಕಟ್ಟಿಬಿಡುವದೇ ಈ ರೋಗದ ಮೂಲವು. ಕಡಲೆಯನ್ನೇ ಬಿತ್ತದೆ ಬಿಟ್ಟರೂ ಅದು ಭೂಮಿಯಲ್ಲಿ ಆರು ವರ್ಷಗಳವರೆಗೆ ಜೀವ ಹಿಡಿದಿರಬಲ್ಲದು. ಆದ್ದರಿಂದ ಒಂದೆರಡು ವರ್ಷದ ಬೆಳೆ ಬದಲಾವಣೆಯಿಂದ ಇದು ಹೋಗುವದಿಲ್ಲ.

ಡಬ್ಲ್ಯು.ಆರ್. 315 ಎಂಬ ಕಡಲೆಯು ಈ ರೋಗಕ್ಕೆ ಜಗ್ಗದು. ಹಾಗೆಂದು ಅದನ್ನೇ ಬಿತ್ತುವ ಹಾಗಿಲ್ಲ. ರೈತನು ಬೇಡುವದು ಅಣ್ಣಿಗೇರಿಯ ಇಳುವರಿಯನ್ನೂ ಕಾಳನ್ನೂ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕಲಬುರಗಿ ಶೋಧಕರು ಇಕ್ರಿಸ್ಯಾಟಿನವರೊಡನೆ ಕೂಡಿ, ಡಬ್ಲ್ಯು.ಆರ್. 315ರಲ್ಲಿ ಈ ರೋಗದ ನಾಲ್ಕನೆಯ ಪಂಗಡವನ್ನು ತಡೆಯುವ ತುಂಡನ್ನು ಮಾತ್ರ ಅಣ್ಣಿಗೇರಿಯೊಳಗೆ ತರುವ ಕೆಲಸವನ್ನು ಕೈಕೊಂಡರು. ಮೊದಲು ಎರಡನ್ನೂ ಕೂಡಿಸಿದರು. ಹುಟ್ಟಿದ ಗಿಡವನ್ನು ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸುತ್ತ ಹೋದರು. ಪ್ರತಿ ಸಾರೆಯೂ ಆ ತುಂಡಿನ ಹತ್ತಿರ ನೆಟ್ಟ ಬಾಂದಗಲ್ಲುಗಳೆನ್ನಬಹುದಾದ ಗುರುತುಗಳನ್ನು ಪರೀಕ್ಷಿಸಿ, ರೋಗ ತಡೆಯುವ ತುಂಡು ಇದ್ದ ಗಿಡಗಳನ್ನೇ ಉಳಿಸಿಕೊಂಡರು. ಹೀಗೆ ಸಿದ್ಧವಾದ ಸೂಪರ್ ಅಣ್ಣಿಗೇರಿ 1 ಎಂಬ ತಳಿಯು 2019ರಲ್ಲಿ ಬಿಡುಗಡೆಯಾಯಿತು. ಪರೀಕ್ಷಾಕ್ಷೇತ್ರಗಳಲ್ಲಿ ಇದರ ಸರಾಸರಿ ಇಳುವರಿಯು ಹೆಕ್ಟೇರಿಗೆ 1,898 ಕಿಲೊ, ಎಂದರೆ ಎಕರೆಗೆ ಸುಮಾರು ಏಳೂವರೆ ಕ್ವಿಂಟಲಿಗೆ ಮೇಲೆ. ಮೂಲ ಅಣ್ಣಿಗೇರಿಗಿಂತ ನೂರಕ್ಕೆ ಏಳೆಂಟರಷ್ಟು ಹೆಚ್ಚು. ಮಳೆಯನ್ನೇ ನಂಬಿದ ಹೊಲದಲ್ಲಿ ಇದೇ ಅಂಕೆಯನ್ನು ನಿರೀಕ್ಷಿಸಲಾಗದು.

ಈ ಬಗೆಯ ಮರುಕೂಡಿಕೆಯಲ್ಲಿ ಚಿತ್ರವು ಮಾಡುವ ಕೆಲಸವೇನೆಂದರೆ: ಮೊದಲ ಕೂಡಿಕೆಯ ಗಿಡದಲ್ಲಿ ಎರಡೂ ತಳಿಗಳದು ಸಮಪಾಲು. ಒಂದು ಮರುಕೂಡಿಕೆಯಾದ ಮೇಲೆ ಮೇಲುತಳಿಯ ಪಾಲು ಸರಾಸರಿ ನೂರಕ್ಕೆ 75, ಎರಡಾದ ಮೇಲೆ 87.5, ಮೂರಾದ ಮೇಲೆ 93.75. ಸರಾಸರಿಯೆಂಬ ಮಾತನ್ನು ಇಲ್ಲಿ ಗಮನಿಸತಕ್ಕದ್ದು. ಒಂದೇ ಕಾಯಿಯ ಎರಡು ಕಾಳುಗಳಲ್ಲಿಯೂ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಇರಬಹುದು, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದಲ್ಲದೆ, ಬೇರೆಯವರ ತಿಪ್ಪೆಯಿಂದ ಒಳ್ಳೆಯ ಗೊಬ್ಬರವನ್ನು ತಂದರೆ ಅದರ ಕೂಡ ಕಸದ ಬೀಜವೂ ಬರುವ ಹಾಗೆ, ರೋಗ ತಡೆಯುವ ತುಂಡಿನ ಎಡಬಲಕ್ಕೆ ಅಂಟಿಕೊಂಡು ಬೇಡದ ತುಂಡುಗಳೂ ಬರುವವು. ನೂರು ಗಿಡಗಳನ್ನು ನೂರು ಸಾಲಾಗಿ ಬಣ್ಣದಲ್ಲಿ ಬರೆದರೆ, ಮೇಲುತಳಿಯ ಬಣ್ಣವು ಉದ್ದಕ್ಕೂ ತುಂಬಿದ್ದು, ಬೇಕಾದ ಒಂದೇ ಸ್ಥಾನದಲ್ಲಿ ಬೇರೆ ಬಣ್ಣದ ಸಣ್ಣ ಗೆರೆಯುಳ್ಳ ಸಾಲು ಯಾವದೆಂಬದು ಕಣ್ಣಿಗೆ ಬೀಳುವದು. ಆ ಗಿಡವನ್ನು ಇಟ್ಟುಕೊಂಡು ಉಳಿದವುಗಳನ್ನು ಬಿಡಬಹುದು. ಹಿಂದೆ ಇದೇ ಆಯ್ಕೆಗೆ ವರ್ಷಾನುವರ್ಷ ರೋಗದ ಮಡಿಗಳಲ್ಲಿ ಬಿತ್ತಿ ಕಾಯಬೇಕಾಗಿತ್ತು.

ನೀರಾವರಿಯುಳ್ಳವರಿಗೂ ಇದು ಹೊರತಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳವರು ಚೆನ್ನಾಗಿ ಬಲ್ಲ ಬಿ.ಪಿ.ಟಿ. 5204 ಭತ್ತಕ್ಕೆ, ಎಲೆ ಒಣಗಿಸುವ ದುಂಡಾಣುರೋಗವನ್ನು ತಡೆಯುವ ಮೂರು ಗುಣವಾಹಿಗಳನ್ನು ಇದೇ ಕ್ರಮದಿಂದ ಹೈದರಾಬಾದಿನಲ್ಲಿ ಕೂಡಿಸಿದ್ದು, ಆ ಸುಧಾರಿತ ತಳಿಯು 2008ರಲ್ಲಿ ಬಿಡುಗಡೆಯಾಯಿತು.

ಹತ್ತಿಯ ಬೀಜದ ವಿಷಯವು ಇದಕ್ಕಿಂತ ಒಂದಿಷ್ಟು ವಿಸ್ತಾರವಾಗಿ ಹೇಳತಕ್ಕದ್ದು. ಮಿಶ್ರತಳಿಯ ಹತ್ತಿಬೀಜವೆಂದು ಮಾರುವ ಚೀಲದಲ್ಲಿ ಎಷ್ಟು ಕಾಳು ನಿಜವಾದ ಕೂಡಿಕೆಯವು, ಎಷ್ಟು ಕಾಳು ತಾಯಿಗಿಡವು ತನಗೆ ತಾನೇ ಕಟ್ಟಿದವು ಎಂಬದು ಹೊರಗಿನಿಂದ ತಿಳಿಯದು. ಬಿತ್ತಿ ಬೆಳೆದು ನೋಡುವ ಪರೀಕ್ಷೆಗೆ ಒಂದು ಹಂಗಾಮು ಬೇಕು. ಅಷ್ಟರಲ್ಲಿ ರೈತನ ಹಂಗಾಮೂ ಹೋಗಿರುವದು. ಅದೇ ಕಾಳುಗಳ ಮೊಳಕೆಗಳಿಂದ ಬರಹವನ್ನು ತೆಗೆದು ಸಾಲಾಗಿ ಬಣ್ಣದಲ್ಲಿ ಹಾಸಿದರೆ, ತಂದೆ ತಾಯಿಗಳು ಬೇರೆಯಾಗಿರುವ ಸ್ಥಾನಗಳಲ್ಲಿ ಎರಡರ ಅಕ್ಷರಗಳೂ ಇರುವ ಸಾಲುಗಳು ಒಂದು ಬಣ್ಣದವಾಗಿಯೂ, ತಾಯಿಯ ಅಕ್ಷರ ಮಾತ್ರ ಇರುವ ಸಾಲುಗಳು ಮತ್ತೊಂದು ಬಣ್ಣದವಾಗಿಯೂ ನಿಲ್ಲುವವು. ಬಿತ್ತನೆಗೆ ಮೊದಲೇ ಉತ್ತರವು ದೊರೆಯುವದು. ಬೀಜ ಮೊಳೆಯಲಿಲ್ಲ, ಗಿಡಗಳು ಒಂದೇ ಸಮನಾಗಿಲ್ಲ, ಕಾಯಿ ಕಟ್ಟಲಿಲ್ಲ ಎಂಬ ತಕರಾರುಗಳು ಪಂಚಾಯತಿಯ ಕಟ್ಟೆಗೆ ಬಂದಾಗ ಹಿರಿಯರು ರೈತನ ಮಾತಿಗೂ ಅಂಗಡಿಯವನ ಮಾತಿಗೂ ನಡುವೆ ಸಿಕ್ಕು ಕಷ್ಟಪಡುವರು. ಬೀಜದ ಪಾವತಿಯನ್ನೂ, ಚೀಲದ ಚೀಟಿಯನ್ನೂ, ಬಿತ್ತದೆ ಉಳಿಸಿದ ಒಂದು ಹಿಡಿ ಬೀಜವನ್ನೂ ಇಟ್ಟುಕೊಂಡವನಿಗೆ ಮಾತ್ರ ಇಂಥ ಪರೀಕ್ಷೆಯು ಸಹಾಯಕ್ಕೆ ಬರುವದೆಂಬದನ್ನು ಬಿತ್ತನೆಯ ಮೊದಲೇ ಎಲ್ಲರಿಗೂ ಹೇಳಿಸುವದು ಒಳ್ಳೆಯದು.

ಇಷ್ಟು ಹೊಗಳಿಕೆಯಾದ ಮೇಲೆ ಚಿತ್ರದ ದೋಷಗಳನ್ನೂ ಹೇಳತಕ್ಕದ್ದು. ಓದಲು ಕಲಿಯಬೇಕೆನ್ನುವದು ಮುಖ್ಯವಾಗಿ ಇವುಗಳ ಸಲುವಾಗಿಯೇ. ಮೊದಲನೆಯದು ಕುಗ್ಗಿಸುವದರಿಂದ ಬರುವ ದೋಷ. ಸಾಧಾರಣ ಪರದೆಯೊಂದರ ಅಡ್ಡಗಲದಲ್ಲಿ 1,920 ಬಿಂದುಗಳಿರುವವು. ಒಂದು ಲಕ್ಷ ಕಂಬಗಳನ್ನು ಅದರಲ್ಲಿ ಒಮ್ಮೆಲೇ ತುಂಬಿದರೆ ಒಂದೊಂದು ಬಿಂದುವಿನ ಹಿಂದೆ ಐವತ್ತಕ್ಕೂ ಹೆಚ್ಚು ಕಂಬಗಳು ಅಡಗುವವು. ರೋಗ ತಡೆಯುವ ಸಣ್ಣ ತುಂಡು ಅಲ್ಲಿ ಇದ್ದರೂ ಕಾಣಿಸದೆ ಹೋಗಬಹುದು, ತಾಲೂಕಿನ ನಕ್ಷೆಯಲ್ಲಿ ಹೊಲದ ಬಾವಿ ಕಾಣಿಸದ ಹಾಗೆ. ಆದಕಾರಣ ಹಿಗ್ಗಿಸಿದ ಚಿತ್ರವನ್ನು ನೋಡದೆ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಕೂಡದು. ಬಣ್ಣಗಳ ವಿಷಯವೂ ಹೀಗೆಯೇ. ಕೆಂಪೆಂದರೆ ಕೆಟ್ಟದ್ದು, ಹಸಿರೆಂದರೆ ಒಳ್ಳೆಯದು ಎಂಬ ನಿಯಮವು ಬೀಜದಲ್ಲಿ ಇಲ್ಲ. ಬಣ್ಣವನ್ನು ಆರಿಸಿದವನು ತಂತ್ರಾಂಶದ ಮುಂದೆ ಕುಳಿತ ಮನುಷ್ಯ. ಸೂಚಿಯಿಲ್ಲದ ಬಣ್ಣದ ಚಿತ್ರವು ಅಳತೆಯಿಲ್ಲದ ನಕ್ಷೆಯಷ್ಟೇ ನಿರುಪಯೋಗಿ. ಕೆಂಪು ಹಸಿರುಗಳ ಭೇದವೇ ಕಾಣದ ಕಣ್ಣಿನವರೂ ಪ್ರತಿ ಸೀಮೆಯಲ್ಲಿ ಇರುವರೆಂಬದನ್ನು ಚಿತ್ರ ಬರೆಯುವವರು ಎಷ್ಟೋ ಸಾರೆ ಮರೆತುಬಿಡುವರು. ಓದಲಿಕ್ಕಾಗದೆ ಬಿಟ್ಟುಹೋದ ಸ್ಥಾನಗಳನ್ನು ಬಿಳಿಯಾಗಿ ಬಿಡುವದು ವಾಡಿಕೆ. ಅಲ್ಲಿ ದೋಷವಿಲ್ಲವೆಂದು ಆ ಬಿಳಿಯ ಅರ್ಥವಲ್ಲ, ಅಲ್ಲಿ ಏನಿದೆಯೆಂದು ತಿಳಿದಿಲ್ಲವೆಂದು ಅರ್ಥ.

ಎರಡನೆಯ ದೋಷವು ಇನ್ನೂ ದೊಡ್ಡದು. ಇಂಥ ಪ್ರತಿಯೊಂದು ಚಿತ್ರಕ್ಕೂ ಒಂದು ಅಳತೆಗೋಲು ಬೇಕು. 2013ರಲ್ಲಿ ಕಡಲೆಗೆ ಅಳತೆಗೋಲಾಗಿ ಇಟ್ಟದ್ದು ಸಿ.ಡಿ.ಸಿ. ಫ್ರಾಂಟಿಯರ್ ಎಂಬ ಕೆನಡಾ ದೇಶದ ಕಾಬೂಲಿ ಕಡಲೆ. ಸಿರವಾರದ ಎರಿಯಲ್ಲಿ ಬೆಳೆಯುವದು ಸಣ್ಣ ಕಾಳಿನ ಕಂದುಬಣ್ಣದ ದೇಶೀ ಕಡಲೆ. ಕಾಬೂಲಿಯಲ್ಲಿಯೂ ದೇಶಿಯಲ್ಲಿಯೂ ಇರುವ ಸ್ಥಾನಗಳನ್ನು ಆ ಅಳತೆಗೋಲಿನ ಮೇಲೆ ಕೂಡಿಸಬಹುದು. ದೇಶಿಯಲ್ಲಿ ಮಾತ್ರ ಇದ್ದು ಕಾಬೂಲಿಯಲ್ಲಿ ಇಲ್ಲದ ತುಂಡಿಗೆ ಅದರ ಮೇಲೆ ಸ್ಥಾನವೇ ಇಲ್ಲ. ಭೂಮಾಪನದ ಕಾಲಕ್ಕೆ ನಂಬರು ಬೀಳದೆ ಉಳಿದ ಹೊಲವು ನಕ್ಷೆಯಲ್ಲಿ ಕಾಣದು. ಆದರೂ ಹೊಲವು ಇದ್ದೇ ಇರುವದು, ಉಳುವವನೂ ಇದ್ದೇ ಇರುವನು. ದೆಹಲಿಯ ಶೋಧಕರು ಅದೇ 2013ರಲ್ಲಿ ದೇಶೀ ಕಡಲೆಯೊಂದರ ಬರಹವನ್ನು ಹೊರಡಿಸಿದ್ದೂ, 2021ರ ಕೆಲಸದಲ್ಲಿ ಅನೇಕ ತಳಿಗಳ ತುಂಡುಗಳನ್ನೆಲ್ಲ ಒಟ್ಟುಗೂಡಿಸಿ ಒಂದು ದೊಡ್ಡ ಅಳತೆಗೋಲನ್ನು ಕಟ್ಟಿದ್ದೂ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬುವಂಥವು. ಆದರೆ ಆ ದೊಡ್ಡ ಅಳತೆಗೋಲಿನಲ್ಲಿಯೂ ಬೀಜಭಂಡಾರಕ್ಕೆ ಮುಟ್ಟಿದ ತಳಿಗಳ ತುಂಡುಗಳು ಮಾತ್ರ ಇರುವವು.

ಭೂಮಾಲೀಕರ ಸ್ವಂತ ಸ್ವತ್ತಿನ ಪ್ರಶ್ನೆಯು ಇಲ್ಲಿಂದ ಪ್ರಾರಂಭವಾಗುವದು. ಊರೂರಿನ ಮನೆಗಳಲ್ಲಿ ಬೇವಿನ ಎಲೆ, ಬೂದಿಗಳ ನಡುವೆ ಗಡಿಗೆಯಲ್ಲಿಟ್ಟು ಅಜ್ಜಿಯರು ಕಾಯ್ದ ಜೋಳ, ಕಡಲೆ, ಕುಸುಬೆ, ಹುರುಳಿಗಳ ಹಳೆಯ ಬಗೆಗಳು ಒಂದೊಂದಾಗಿ ಇಲ್ಲದಂತಾಗುತ್ತಿರುವವು. ಇವು ಹಳೆಯವೆಂಬ ಕಾರಣದಿಂದಲೇ ಒಳ್ಳೆಯವೆಂದು ಹೇಳುವದಕ್ಕೆ ಬಾರದು. ಅನೇಕವು ಕಡಿಮೆ ಇಳುವರಿಯವೇ. ಆದರೆ ಹಿಂಗಾರಿ ಜೋಳದಲ್ಲಿ ಮನೆಮಾತಾದ ಎಂ 35-1 ಎಂಬದು ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ರೈತರ ಮಾಲದಂಡಿ ಜೋಳದಿಂದಲೇ ಆರಿಸಿ ತೆಗೆದದ್ದು ಎಂಬದನ್ನು ನೆನಪಿಡತಕ್ಕದ್ದು. ನಾಳೆ ಬರುವ ಯಾವ ರೋಗಕ್ಕೆ ಯಾರ ಗಡಿಗೆಯಲ್ಲಿ ಮದ್ದಿರುವದೋ ಹೇಳಲಾಗದು. ಇಂಥ ಬೀಜವಿದ್ದವರು ಒಂದು ಸೇರಿನಷ್ಟನ್ನು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ತಲುಪಿಸಿ ಪಾವತಿ ಪಡೆಯುವದು ಯೋಗ್ಯವು. ಅದರ ಕೂಡ ಊರ ಹೆಸರು, ಸರ್ವೆ ನಂಬರು, ಭೂಮಿಯ ಬಣ್ಣ, ಬಿತ್ತುವ ಮಳೆ, ಮನೆಯಲ್ಲಿ ಕರೆಯುವ ಹೆಸರು, ಎಷ್ಟು ತಲೆಮಾರಿನಿಂದ ಇದೆಯೆಂಬ ತಿಳಿವಳಿಕೆ, ಇಷ್ಟನ್ನು ಬರೆದು ಕೊಡಬೇಕು. ಇಲ್ಲವಾದರೆ ಚಿತ್ರದಲ್ಲಿ ಆ ಸಾಲಿನ ಮುಂದೆ ಒಂದು ಅಂಕೆ ಮಾತ್ರ ನಿಲ್ಲುವದು. ಅದು ಯಾವ ಊರಿನದೆಂದು ಹೇಳಲಿಕ್ಕೆ ಯಾರೂ ಇರುವದಿಲ್ಲ. 2001ರಲ್ಲಿ ಭಾರತ ಸರ್ಕಾರವು ಮಾಡಿದ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರು ಕಾಯ್ದ ತಳಿಗಳನ್ನು ಅವರ ಹೆಸರಿನಲ್ಲಿಯೇ ದಾಖಲು ಮಾಡಿಸಲಿಕ್ಕೆ ಅವಕಾಶ ಕೊಟ್ಟಿರುವದು. ಬೀಜವನ್ನು ಹೊರಗೆ ಕೊಡುವ ಮೊದಲು ಈ ದಾಖಲೆಯ ವಿಷಯವನ್ನು ವಿಚಾರಿಸಿಕೊಳ್ಳುವದು ಜಾಣತನವು.

ಅಡಿಗೆ ಉಣ್ಣುವವನಿಗೆ ಒಲೆಯ ಚಿಂತೆ ಯಾಕೆ, ಒಳ್ಳೆಯ ಬೀಜ ಕೊಟ್ಟರೆ ಸಾಕು, ಅದನ್ನು ಹೇಗೆ ಆರಿಸಿದರೆಂಬ ಚಿತ್ರವು ರೈತನಿಗೆ ಯಾಕೆ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಣೆಯು ಪೂರ್ತಿ ಹುರುಳಿಲ್ಲದ್ದಲ್ಲ. ಸುಗ್ಗಿಯ ದಿನಗಳಲ್ಲಿ ಯಾರಿಗೂ ಬಣ್ಣದ ಮನೆ ಎಣಿಸುವ ವೇಳೆಯಿಲ್ಲ. ಆದರೆ ಗ್ರಾಮದ ನಕ್ಷೆಯ ವಿಷಯದಲ್ಲಿಯೂ ಪೂರ್ವದಲ್ಲಿ ಇದೇ ಮಾತನ್ನು ಆಡುತ್ತಿದ್ದರು. ನಕ್ಷೆಯನ್ನು ಓದಬಲ್ಲವನು ಊರಿಗೆ ಒಬ್ಬನೇ ಇದ್ದ ಕಾಲದಲ್ಲಿ ಬದುವಿನ ಜಗಳವು ಹೇಗೆ ಮುಗಿಯುತ್ತಿತ್ತು, ಯಾರ ಕಡೆಗೆ ಮುಗಿಯುತ್ತಿತ್ತು ಎಂಬದನ್ನು ಹಿರಿಯರು ಬಲ್ಲರು. ಎಲ್ಲ ರೈತರೂ ತಂತ್ರಾಂಶವನ್ನು ಕಲಿಯಬೇಕೆಂದು ಇಲ್ಲಿ ಹೇಳಿಲ್ಲ. ಹೋಬಳಿಗೆ ನಾಲ್ಕಾರು ಜನ ಭೂಮಾಲೀಕರೂ, ಕಾಲೇಜು ಕಲಿತು ಊರಿಗೆ ಮರಳಿದ ಅವರ ಮಕ್ಕಳೂ ಅದರ ಸೂಚಿಯನ್ನು ಓದಬಲ್ಲವರಾದರೆ ಸಾಕು. ಇದಕ್ಕೆ ದೊಡ್ಡ ಖರ್ಚೂ ಬೇಡ. ಮೇಲೆ ಹೇಳಿದ ತಂತ್ರಾಂಶವು ಸಾಧಾರಣ ಗಣಕಯಂತ್ರದಲ್ಲಿಯೇ ನಡೆಯುವದು.

ಶೋಧಸ್ಥಾನಗಳವರಿಗೂ ಬೀಜ ಹಂಚುವವರಿಗೂ ಇಲ್ಲಿ ಒಂದು ಕರ್ತವ್ಯವಿರುವದು. ಹೊಸ ತಳಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಹಂಚುವಾಗ, ಅದರ ಮೂಲತಳಿ ಯಾವದು, ತಂದ ತುಂಡು ಯಾವದು, ಅದು ತಡೆಯುವ ರೋಗ ಯಾವದು, ತಡೆಯದ ರೋಗ ಯಾವದು ಎಂಬುದನ್ನು ಕನ್ನಡದ ಸೂಚಿಯುಳ್ಳ ಒಂದು ಚಿತ್ರದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಕೊನೆಯ ಮಾತು ಬಹು ಮುಖ್ಯವಾದದ್ದು. ಸೂಪರ್ ಅಣ್ಣಿಗೇರಿಯನ್ನು ಬಿತ್ತಿದ ಹೊಲದಲ್ಲಿ ಹೂ ಕಾಯಿಯ ಕಾಲಕ್ಕೆ ಬಿಸಿಲೇರಿ ತೇವವಾರಿದಾಗ ಗಿಡಗಳು ಒಣಗಿದರೆ, ಸಿಡಿ ತಡೆಯುವದೆಂದು ಹೇಳಿ ಮೋಸ ಮಾಡಿದರೆಂದು ರೈತನು ಬೀಜವನ್ನು ಬಯ್ಯುವನು. ಅದು ಒಣ ಬೇರುಕೊಳೆಯಾಗಿರಬಹುದು. ಆ ರೋಗದ ಶಿಲೀಂಧ್ರವೇ ಬೇರೆ, ಡಬ್ಲ್ಯು.ಆರ್. 315ರಿಂದ ತಂದ ತುಂಡಿಗೂ ಅದಕ್ಕೂ ಸಂಬಂಧವಿಲ್ಲ. ಸಿಡಿರೋಗದಲ್ಲಿಯೂ ಪಂಗಡಗಳಿದ್ದು, ಒಂದನ್ನು ತಡೆದದ್ದು ಎಲ್ಲವನ್ನೂ ತಡೆಯುವದೆಂದು ನಂಬಲಾಗದು. ಊರವರೆಲ್ಲರೂ ಒಣಗಿದ ಗಿಡಕ್ಕೆಲ್ಲ ಸಿಡಿಯೆಂಬ ಒಂದೇ ಹೆಸರನ್ನು ಹೇಳಿ, ಅದೇ ಅಂಕೆಯು ಶೋಧಸ್ಥಾನಕ್ಕೆ ಮುಟ್ಟಿ, ಸಾಲಿನ ಪಕ್ಕದಲ್ಲಿ ಬರೆಯಲ್ಪಟ್ಟರೆ, ತಂತ್ರಾಂಶವು ಆ ತಪ್ಪನ್ನು ಬಹು ಅಂದವಾದ ಬಣ್ಣದಲ್ಲಿ ತೋರಿಸುವದು. ಅದಕ್ಕೆ ಹೊಲದ ಸುಳ್ಳು ನಿಜಗಳನ್ನು ಬೇರ್ಪಡಿಸುವ ಶಕ್ತಿಯಿಲ್ಲ.

ಆದ್ದರಿಂದ ಈ ಹಿಂಗಾರಿಯಲ್ಲಿ ಕಡಲೆ ಬಿತ್ತಿದ ಭೂಮಾಲೀಕರು ಒಣಗಿದ ಗಿಡವನ್ನು ಕಂಡ ಕೂಡಲೆ ಅದನ್ನು ಅಗೆದು ತೆಗೆದು ನೋಡತಕ್ಕದ್ದು. ಬೇರು ಮೇಲೆ ನೆಟ್ಟಗಿದ್ದು, ಚೂರಿಯಿಂದ ಉದ್ದಕ್ಕೆ ಸೀಳಿದಾಗ ಒಳಗಿನ ತಿರುಳಿನಲ್ಲಿ ಕಂದು ಇಲ್ಲವೆ ಕಪ್ಪು ಗೆರೆಯು ಕಂಡರೆ ಅದು ಸಿಡಿ. ಸಣ್ಣ ಬೇರುಗಳು ಉದುರಿ, ತಾಯಿಬೇರು ಒಣಕಡ್ಡಿಯ ಹಾಗೆ ಲಟಕ್ಕನೆ ಮುರಿದು, ಸಿಪ್ಪೆಯು ಚೂರು ಚೂರಾಗಿ ಸುಲಿದರೆ ಅದು ಒಣ ಬೇರುಕೊಳೆ. ಸಸಿಯಾಗಿರುವಾಗಲೇ ಹಸಿಭೂಮಿಯಲ್ಲಿ ಬುಡವು ಕೊಳೆತು, ಬಿಳಿಯ ಬೂಷ್ಟಿನ ನಡುವೆ ಸಾಸಿವೆಯಂಥ ಕಾಳುಗಳು ಕಂಡರೆ ಅದು ಬುಡಕೊಳೆ. ಹೊಲದ ಐದು ಕಡೆಗಳಲ್ಲಿ ನೂರು ನೂರು ಗಿಡಗಳನ್ನು ಎಣಿಸಿ, ಯಾವ ಯಾವ ರೋಗದಿಂದ ಎಷ್ಟೆಷ್ಟು ಹೋದವೆಂಬದನ್ನು ತಳಿಯ ಹೆಸರು, ಸರ್ವೆ ನಂಬರು, ಬಿತ್ತಿದ ತಾರೀಖುಗಳೊಡನೆ ಬರೆದಿಡಬೇಕು. ಸಂಶಯ ಬಂದ ಗಿಡಗಳನ್ನು ಬೇರುಸಹಿತ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ, ಎರಡು ದಿವಸಗಳೊಳಗಾಗಿ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸತಕ್ಕದ್ದು.